ಮೇಲೆ ಕಟ್ಟಿದರೆ ಕೆಳಗೂ ಕಟ್ಟು

ನಿವೃತ್ತರಾದವರು ತಮ್ಮ ಅನುಭವ ಬರೆದರೆ ಜೊತೆಗೆ ಒಂದು ಫೋಟೋ ಇರುತ್ತದೆ: ಹೆಗಲಿಗೆ ಶಾಲು, ಕೈಯಲ್ಲಿ ಹಣ್ಣಿನ ಬುಟ್ಟಿ, ತಲೆಯಲ್ಲಿ ಬಿಳಿ ಕೂದಲು. ನನ್ನ ಹತ್ತಿರ ಮೂರೂ ಇಲ್ಲ. ನಾನು ನಿವೃತ್ತನಾದದ್ದು ಮೂವತ್ತನಾಲ್ಕನೆಯ ವಯಸ್ಸಿಗೆ. ಮಣಿಪಾಲದ ಮೂಳೆ ಡಾಕ್ಟರು ನನ್ನ ಬಲಗೈಯನ್ನು ಬಾವಿಯ ರಾಟೆಯ ಹಾಗೆ ಎರಡು ಸುತ್ತು ತಿರುಗಿಸಿದರು. ನಾನು ಕೂಗಿದ್ದನ್ನು ಕಾಗದದಲ್ಲಿ ಬರೆದುಕೊಂಡು, "ಇನ್ನು ಕೈಯನ್ನು ತಲೆಯ ಮೇಲೆ ಎತ್ತುವ ಕೆಲಸ ಬೇಡ" ಎಂದರು.

"ಸರ್, ನಾನು ಚಿಮಣಿ ಕೆಲಸದವ," ಎಂದೆ.

"ಹಾಗಾದರೆ ಆ ಕೆಲಸವೇ ಬೇಡ," ಎಂದರು.

ನನ್ನ ಬೀಳ್ಕೊಡುಗೆ ಸಮಾರಂಭ ಅಷ್ಟೇ. ಡಾಕ್ಟರು ಅರ್ಧ ಮಾತು ಬಾಯಿಯಿಂದ, ಅರ್ಧ ಮಾತು ಮೂಗಿನಿಂದ ಆಡುತ್ತಾರೆ. ಮೆಟ್ಟಿಲು ಇಳಿಯುವಷ್ಟರಲ್ಲಿ ಅದನ್ನು ಕಲಿತುಬಿಟ್ಟಿದ್ದೆ. ನೋವು ನಿಜವೇ, ಆದರೆ ಒಂದು ಹೊಸ ಸ್ವರ ಸಿಕ್ಕಿತಲ್ಲ.

ಈಗ ನಾನು ಉಡುಪಿ ಬಸ್ ನಿಲ್ದಾಣದ ಹಿಂದಿನ ನಮ್ಮ ಅಂಗಡಿಯಲ್ಲಿ ಕುಳಿತು ಫೋನ್ ಎತ್ತುತ್ತೇನೆ. ಕೆಲಸಕ್ಕೆ ಹೊಸದಾಗಿ ಸೇರಿದವರು ಚಹಾದ ಹೊತ್ತಿಗೆ ಬಂದು, "ದಿನೇಶಣ್ಣ, ಈ ಕೆಲಸದಲ್ಲಿ ಕಲಿಯಲಿಕ್ಕೆ ಎಂತ ಉಂಟು?" ಎಂದು ಕೇಳುತ್ತಾರೆ. ಬಾಯಲ್ಲಿ ಹೇಳಿದರೆ ನಾನು ಮಿಮಿಕ್ರಿ ಮಾಡಿ ಎಲ್ಲರ ಸ್ವರ ತೆಗೆದು ನಗಿಸಿ ವಿಷಯವನ್ನೇ ಮರೆಸುತ್ತೇನೆ. ಹಾಗಾಗಿ ಬರೆದಿಡುತ್ತಿದ್ದೇನೆ. ಕಾಗದಕ್ಕೆ ಸ್ವರ ಇಲ್ಲ, ಅದು ನನಗೂ ಒಳ್ಳೆಯದು, ಓದುವವರಿಗೂ ಒಳ್ಳೆಯದು.

ಕೆಲಸ ಏನೆಂದು ಮೊದಲು ಹೇಳುತ್ತೇನೆ. ಇಟ್ಟಿಗೆಯದೋ ಕಲ್ಲಿನದೋ ಚಿಮಣಿ ಇರುತ್ತದೆ. ಅದರೊಳಗೆ ಮೇಲಿನಿಂದ ಕೆಳಗಿನವರೆಗೆ ಬಳುಕುವ ಸ್ಟೀಲಿನ ಕೊಳವೆ ಇಳಿಸಬೇಕು. ಅದೇ ಲೈನರ್. ಒಲೆಯ ಹೊಗೆ ಗೋಡೆಯ ಬಿರುಕುಗಳಿಗೆ ನುಗ್ಗದೆ ಈ ಕೊಳವೆಯಲ್ಲೇ ನೆಟ್ಟಗೆ ಆಕಾಶಕ್ಕೆ ಹೋಗುತ್ತದೆ. ಹೋಟೆಲಿನ ಅಡುಗೆಮನೆ, ಬೇಕರಿಯ ಸೌದೆ ಒಲೆ, ಇವು ನಮ್ಮ ದಿನದ ಅನ್ನ. ಮನೆಯ ಫೈರ್‌ಪ್ಲೇಸು ಅಪರೂಪಕ್ಕೆ ಬರುವ ಹೋಳಿಗೆ. ಏಪ್ರಿಲ್‌ನಲ್ಲಿ ಬೈರಾಸು ಟವೆಲನ್ನು ಒದ್ದೆ ಮಾಡಿ ತಲೆಗೆ ಹಾಕಿಕೊಳ್ಳುವ ಊರಿನಲ್ಲಿ ಮನೆಯೊಳಗೆ ಬೆಂಕಿ ಕಾಯಿಸುವವರು ಯಾರು ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ. ಉತ್ತರ ಮುಂದೆ ಉಂಟು.

ನನಗೆ ಕೆಲಸ ಕಲಿಸಿದವರು ಶೀನಣ್ಣ. ಅಂಗಡಿ ಅವರದೇ. ಅವರ ಸ್ವರ ಹೇಗೆಂದರೆ, ಜಲ್ಲಿಯ ಮೇಲೆ ಖಾಲಿ ಬಕೆಟ್ ಎಳೆದ ಹಾಗೆ. ನಾನು ಸೇರಿದ ಮೂರನೆಯ ದಿನಕ್ಕೆ ಆ ಸ್ವರ ನನ್ನ ಗಂಟಲಿಗೆ ಬಂದಿತ್ತು. ಅವರು ಏಣಿಯ ಮೇಲಿರುವಾಗ ಕೆಳಗಿನಿಂದ ಅವರದೇ ಸ್ವರದಲ್ಲಿ, "ಮಧ್ಯಾಹ್ನ ಆಯ್ತು, ಎಲ್ಲರೂ ಊಟಕ್ಕೆ ಹೋಗಿ" ಎಂದು ಕೂಗುತ್ತಿದ್ದೆ. ಎಲ್ಲರೂ ಹೋಗುತ್ತಿದ್ದರು. ಶೀನಣ್ಣ ತುಳುವಿನಲ್ಲಿ ಬೈಯುತ್ತಿದ್ದರು. ಇಲ್ಲಿ ಅವರ ಮಾತನ್ನೆಲ್ಲ ಕನ್ನಡಕ್ಕೆ ಇಳಿಸಿದ್ದೇನೆ, ಅರ್ಧ ಖಾರ ದಾರಿಯಲ್ಲೇ ಹೋಯಿತು.

ಶೀನಣ್ಣನಿಗೆ ಒಂದು ಅಭ್ಯಾಸ. ಯಾರು ಫೋನ್ ಮಾಡಿ "ಬೆಂಕಿ ಹಾಕಬಹುದಾ?" ಎಂದು ಕೇಳಿದರೂ ಹೂಂ ಎನ್ನುವುದಿಲ್ಲ. ಮೂರು ಪ್ರಶ್ನೆ ಕೇಳುತ್ತಾರೆ. "ಮೇಲೆ ಎಂತ ಉಂಟು? ಕೆಳಗೆ ಎಂತ ಉಂಟು? ನಡುವೆ ಎಂತ ಉಂಟು?" ಉತ್ತರ ಎಷ್ಟೇ ಸರಿ ಇದ್ದರೂ ಕೊನೆಗೆ ಅದೇ ಮಾತು: "ಆಯ್ತು, ನಾನು ಬಂದು ನೋಡಿದ ಮೇಲೆ ಕಡ್ಡಿ ಗೀರುವ." ಗಿರಾಕಿಗಳಿಗೆ ಇದು ಕಿರಿಕಿರಿ. ನನಗೆ ಇದು ಹಾಸ್ಯ. ನಾನು ಚಹಾ ಅಂಗಡಿಯಲ್ಲಿ, "ಶೆಟ್ರೇ, ಬೋಂಡದ ಮೇಲೆ ಎಂತ ಉಂಟು? ನಡುವೆ ಎಂತ ಉಂಟು?" ಎಂದು ಕೇಳಿ ಜನ ಸೇರಿಸುತ್ತಿದ್ದೆ.

ನಡುವಿನ ಪ್ರಶ್ನೆ ಯಾಕೆಂದು ನನಗೆ ಗೊತ್ತಾದದ್ದು ಕಾರ್ಕಳದಲ್ಲಿ. ಊರಿನಾಚೆ ಕರಿಕಲ್ಲಿನ ಒಂದು ಹಳೆಯ ಬಂಗಲೆ, ಅದನ್ನು ಕೊಂಡವರು ಪ್ರವಾಸಿಗಳಿಗೆಂದು ಫೈರ್‌ಪ್ಲೇಸಿಗೆ ಮತ್ತೆ ಜೀವ ಕೊಡಿಸುತ್ತಿದ್ದರು. ನಾನು ಹಂಚಿನ ಮಾಡು ಹತ್ತಿ ಚಿಮಣಿಯೊಳಗೆ ಗುಂಡು ಕಟ್ಟಿದ ಟೇಪು ಇಳಿಸಿದೆ. ಗುಂಡು ಟಕ್ ಎಂದಿತು. "ಹದಿನಾಲ್ಕು ಅಡಿ" ಎಂದು ಕೂಗಿದೆ. ಲೈನರ್ ಅಷ್ಟಕ್ಕೇ ಕತ್ತರಿಸಿದೆವು. ಇಳಿಸಿದರೆ ಕೆಳಗೆ ಕೊಳವೆಯ ಬಾಯಿ ಕಾಣುವುದೇ ಇಲ್ಲ. ಶೀನಣ್ಣ ಕನ್ನಡಿ ಹಿಡಿದು ಕೆಳಗಿನಿಂದ ನೋಡಿದರು. ನಡುವೆ ಗೋಡೆಯಿಂದ ಒಂದು ಕಲ್ಲು ಚಾಚಿಕೊಂಡಿತ್ತು, ನನ್ನ ಗುಂಡು ಅದರ ಮೇಲೆ ಆರಾಮವಾಗಿ ಕುಳಿತಿತ್ತು. ಚಿಮಣಿ ನಿಜವಾಗಿ ಇಪ್ಪತ್ತೆರಡು ಅಡಿ.

"ದಿನ್ನಾ, ನೀನು ಅಳೆದದ್ದು ಚಿಮಣಿಯನ್ನಲ್ಲ. ನಿನ್ನ ತಾಳ್ಮೆಯನ್ನು," ಎಂದರು ಶೀನಣ್ಣ.

ಆ ಹದಿನಾಲ್ಕು ಅಡಿಯಲ್ಲಿ ಹತ್ತು ಅಡಿ ಒಂದು ಬೇಕರಿಗೆ ಹೋಯಿತು. ಉಳಿದ ತುಂಡು ಇವತ್ತಿಗೂ ಅಂಗಡಿಯ ಬಾಗಿಲಲ್ಲಿ ಕೊಡೆ ಇಡುವ ಸ್ಟ್ಯಾಂಡಾಗಿ ನಿಂತಿದೆ. ನೀವೆಲ್ಲ ಕೊಡೆ ಇಡುವುದು ನನ್ನ ತಾಳ್ಮೆಯೊಳಗೆ. ಈಗ ಈ ತಪ್ಪು ಮಾಡುವುದು ಕಷ್ಟ. ದಾರಕ್ಕೆ ಕ್ಯಾಮೆರಾ ಕಟ್ಟಿ ಇಳಿಸಿದರೆ ಮೊಬೈಲಿನಲ್ಲಿ ಚಿಮಣಿಯ ಕರುಳು ಪೂರ್ತಿ ಕಾಣುತ್ತದೆ. ಆಗ ಇದ್ದದ್ದು ಕನ್ನಡಿ, ಟಾರ್ಚು, ಮತ್ತು ಶೀನಣ್ಣನ ಸಂಶಯ. ಮೂರರಲ್ಲಿ ಮೂರನೆಯದೇ ಹೆಚ್ಚು ದೂರ ನೋಡುತ್ತಿತ್ತು.

ಕೊಳವೆಯೂ ಹಾಗೆಯೇ ಬದಲಾಯಿತು. ಮೊದಲು ತಗಡನ್ನು ಸುತ್ತಿ ರಿವೆಟ್ ಹೊಡೆದು ಕೊಡುತ್ತಿದ್ದೆವು. ಕಾಪುವಿನ ಕಡಲ ಗಾಳಿಗೆ ಅದು ಎರಡು ಮಳೆಗಾಲದಲ್ಲಿ ಹಪ್ಪಳವಾಗುತ್ತಿತ್ತು, ಬೆರಳು ಒತ್ತಿದರೆ ಪುಡಿ. ಈಗ ಉಪ್ಪು ತಡೆಯುವ ಸ್ಟೀಲೇ ಬೇಕು. ಅಂಗಡಿಗೆ ಹೊಸ ಸುರುಳಿ ಬಂದರೆ ಮೊದಲು ಅಯಸ್ಕಾಂತ ಹಿಡಿಯಿರಿ. ಅಂಟಿದರೆ ವಾಪಸ್ಸು ಕಳುಹಿಸಿ. ಅಂಟದಿದ್ದರೂ ಕುಣಿಯಬೇಡಿ, ಸರ್ಟಿಫಿಕೇಟು ಓದಿ.

ಈಗ ಶಿರ್ವದ ವಿಷಯ. ಇದನ್ನು ಹೇಳಲಿಕ್ಕೇ ಇಷ್ಟು ಬರೆದದ್ದು.

ಲೀನಾ ಬಾಯಿ ನರ್ಸ್ ಆಗಿದ್ದವರು. ಬಹಳ ವರ್ಷ ಹಿಮ ಬೀಳುವ ದೇಶದ ಆಸ್ಪತ್ರೆಯಲ್ಲಿ ದುಡಿದು ಬಂದವರು. ಅವರ ಗಂಡ ಆಲ್ಬರ್ಟ್ ಹಡಗಿನ ಎಂಜಿನ್ ರೂಮಿನಲ್ಲಿ ಇದ್ದವರು. ನಮ್ಮ ಕಡೆ ಕ್ರಿಸ್ತುವರ ಹಿರಿಯರನ್ನು ಪೊರ್ಬುಗಳು, ಹೆಂಗಸರನ್ನು ಬಾಯಿ ಎಂದು ಕರೆಯುವುದು, ನಾನೂ ಹಾಗೇ ಕರೆಯುತ್ತಿದ್ದೆ. ಇಬ್ಬರೂ ಶಿರ್ವದಲ್ಲಿ ಗದ್ದೆ ಬದಿಯಲ್ಲಿ ಹೊಸ ಮನೆ ಕಟ್ಟಿಸಿ ಚಾವಡಿಯಲ್ಲಿ ಇಟ್ಟಿಗೆಯ ಫೈರ್‌ಪ್ಲೇಸ್ ಇಟ್ಟಿದ್ದರು. ಮೇಸ್ತ್ರಿ ಅದನ್ನು ದೇವರ ಗೂಡಿನ ಹಾಗೆ ಚಂದ ಕಟ್ಟಿದ್ದ. ಬೆಂಕಿ ಹಾಕಿದರೆ ಹೊಗೆಯೆಲ್ಲ ಚಾವಡಿಗೇ. ಆದ್ದರಿಂದ ಬಾಯಿ ಗಾಜಿನ ಬಾಗಿಲಿನ ಕಬ್ಬಿಣದ ಒಲೆಪೆಟ್ಟಿಗೆಯೊಂದನ್ನು ತರಿಸಿದ್ದರು. ಅದನ್ನು ಗೂಡಿನೊಳಗೆ ಕೂರಿಸಿ, ಚಿಮಣಿಯಲ್ಲಿ ಲೈನರ್ ಇಳಿಸಿ ಎರಡನ್ನೂ ಜೋಡಿಸುವುದು ನಮ್ಮ ಕೆಲಸ.

ಅಳತೆಗೆ ಹೋದ ದಿನ ನಾನು ಬೆವರು ಒರೆಸುತ್ತ ಕೇಳಿಯೇಬಿಟ್ಟೆ. "ಬಾಯೀ, ಇಲ್ಲಿ ಚಳಿ ಎಲ್ಲಿ ಉಂಟು?"

"ಚಳಿಗೆ ಅಲ್ಲ ಪುತಾ. ಜುಲೈಯಲ್ಲಿ ಬಾ, ತೋರಿಸ್ತೇನೆ. ಬಟ್ಟೆ ಒಣಗುದಿಲ್ಲ, ಗೋಡೆಗೆ ಬೂಸಲು, ಪ್ರಾರ್ಥನೆ ಪುಸ್ತಕಕ್ಕೂ ಬೂಸಲು. ಇವರ ಮೊಣಗಂಟು ಹಿಡಿದರೆ ಎರಡು ದಿನ ಏಳುದಿಲ್ಲ. ಒಂದು ಮೂಲೆ ಒಣ ಇದ್ದರೆ ಸಾಕು ನನಗೆ." ಪುತಾ ಎಂದರೆ ಕೊಂಕಣಿಯಲ್ಲಿ ಮಗನೇ ಎಂದು.

ಪೊರ್ಬುಗಳು ಕುರ್ಚಿಯಿಂದಲೇ ಸೇರಿಸಿದರು. "ಎಂಜಿನ್ ರೂಮಿನಲ್ಲಿ ನನ್ನನ್ನು ಬೇಯಿಸಿದ್ದು ಸಾಕಾಗಲಿಲ್ಲ ಇವಳಿಗೆ."

ಮೇ ಕೊನೆಯಲ್ಲಿ ಕೆಲಸ ಹಿಡಿದೆವು. ಚಿಮಣಿ ಗುಡಿಸಿದೆವು, ಕ್ಯಾಮೆರಾ ಇಳಿಸಿದೆವು, ಲೈನರಿಗೆ ಬಿಸಿ ತಡೆಯುವ ಉಣ್ಣೆಯಂಥ ಹೊದಿಕೆ ಸುತ್ತಿದೆವು. ಶೀನಣ್ಣ ಮೇಲಿನಿಂದ ಬಿಟ್ಟರು, ನಾನು ಕೆಳಗಿನಿಂದ ಹಗ್ಗ ಎಳೆದೆ. ಸ್ಟೀಲಿನ ಹೆಬ್ಬಾವು ತಲೆ ತಗ್ಗಿಸಿ ಬಂದು ಒಲೆಪೆಟ್ಟಿಗೆಯ ಕೊರಳಿಗೆ ಸರಿಯಾಗಿ ಕುಳಿತಿತು. ಪೊರ್ಬುಗಳು ಚಪ್ಪಾಳೆ ತಟ್ಟಿದರು. ಆದರೆ ಮೇಲೆ ಮಳೆ ಬೀಳದ ಹಾಗೆ ಹಾಕುವ ಸ್ಟೀಲಿನ ಟೊಪ್ಪಿಯ ಪೆಟ್ಟಿಗೆ ಒಡೆದು ನೋಡಿದರೆ ಅಳತೆ ಬೇರೆ. ಹೊಸತು ಬರಲಿಕ್ಕೆ ಹತ್ತು ದಿನ. ಪಡುವಣದಲ್ಲಿ ಮೋಡ ಕಪ್ಪಾಗಿತ್ತು.

ನಮ್ಮ ಜಿಲ್ಲೆಯಲ್ಲಿ ಮೇ ಕೊನೆಯ ವಾರ ಏನಾಗುತ್ತದೆಂದು ನಿಮಗೆ ಗೊತ್ತು. ಎಲ್ಲರೂ ನೀಲಿ ಟಾರ್ಪಾಲು ಕಟ್ಟುತ್ತಾರೆ. ಸೌದೆಗೆ, ಪಂಪಿಗೆ, ಬೈಕಿಗೆ, ಕೋಳಿಗೂಡಿಗೆ. ನಿಂತುಕೊಂಡೇ ಇದ್ದರೆ ನಮಗೂ ಕಟ್ಟುತ್ತಾರೆ. ನಾನೂ ಏಣಿ ಹತ್ತಿ ಲೈನರಿನ ಬಾಯಿಗೆ ಒಂದು ತುಂಡು ನೀಲಿ ಟಾರ್ಪಾಲು ಮುಚ್ಚಿ, ತಂತಿಯಿಂದ ಬಿಗಿದೆ. ನನ್ನ ಕೈಯಾರೆ. ಚೆನ್ನಾಗಿಯೇ ಬಿಗಿದಿದ್ದೆ, ಅದೇ ತೊಂದರೆ. ಟೊಪ್ಪಿ ಬಂದ ಮೇಲೆ ತೆಗೆದರಾಯಿತು ಎಂಬುದು ಲೆಕ್ಕ. ಟೊಪ್ಪಿ ಹಾಕುವವರೆಗೆ ಬೆಂಕಿ ಬೇಡ ಎಂದು ಬಾಯಿಗೆ ಹೇಳಿ ಬಂದೆವು.

ಟೊಪ್ಪಿ ಬಂತು. ಎರಡು ದಿನ ಅಂಗಡಿಯ ಮೇಜಿನ ಮೇಲಿತ್ತು. ಮೂರನೆಯ ದಿನ ಮೇಜು ಖಾಲಿ. ಶೀನಣ್ಣ ಹೋಗಿ ಹಾಕಿ ಬಂದಿರಬೇಕು ಎಂದುಕೊಂಡೆ. ಕೇಳಲಿಲ್ಲ. ಅವರು ಅದನ್ನು ವ್ಯಾನಿನಲ್ಲಿ ಸೀಟಿನ ಹಿಂದೆ ಇಟ್ಟಿದ್ದರು, ಮಳೆ ಬಿಟ್ಟ ದಿನ ಹೋಗುವ ಎಂದು. ಆ ಜೂನಿನಲ್ಲಿ ಮಳೆ ಬಿಡಲೇ ಇಲ್ಲ.

ಒಂದು ಮಧ್ಯಾಹ್ನ ಕಾಪುವಿನ ಒಂದು ಬೇಕರಿಯಲ್ಲಿ ಕೆಲಸ. ಶೀನಣ್ಣ ಮಾಡಿನ ಒಳಗೆ ನುಸುಳಿ ಕೊಳವೆ ನೋಡುತ್ತಿದ್ದರು. ಅವರ ಫೋನ್ ನನ್ನ ಕೈಯಲ್ಲಿ. ನಾನು ಬೇಕರಿಯ ಇಬ್ಬರು ಕೆಲಸದವರಿಗೆ ಶೀನಣ್ಣನ ಸ್ವರ ತೋರಿಸುತ್ತಿದ್ದೆ, ಅವರು ಬನ್ನಿನ ಹಿಟ್ಟು ಬಿಟ್ಟು ನಗುತ್ತಿದ್ದರು. ಆಗ ಫೋನ್ ಬಂತು. ಹೆಸರು ಕಂಡಿತು: ಶಿರ್ವ ಬಾಯಿ. ಇಬ್ಬರು ಪ್ರೇಕ್ಷಕರು ಎದುರಿಗಿರುವಾಗ ಕಲಾವಿದ ಹಿಂದೆ ಸರಿಯುವುದುಂಟೇ?

"ಹಾಂ, ಹೇಳಿ ಬಾಯೀ," ಎಂದೆ, ಜಲ್ಲಿಯ ಮೇಲೆ ಬಕೆಟ್ ಎಳೆದು.

"ಶೀನಣ್ಣ, ಇವರ ಕಾಲು ಹಿಡಿದಿದೆ. ಮನೆ ಎಲ್ಲ ಥಂಡಿ. ಬೆಂಕಿ ಹಾಕಬಹುದಾ?"

"ಹಾಕಿ ಬಾಯೀ, ಧೈರ್ಯದಿಂದ ಹಾಕಿ. ಎಂತ ಆಗುದಿಲ್ಲ."

"ಹೌದಾ? ಆಯ್ತು," ಎಂದರು.

ಫೋನ್ ಇಟ್ಟೆ. ಕೆಲಸದವರು ಗೋಡೆ ಹಿಡಿದು ನಕ್ಕರು. ನಾನು ತಲೆ ಬಗ್ಗಿಸಿ ನಮಸ್ಕಾರ ಮಾಡಿದೆ. ಇಪ್ಪತ್ತು ನಿಮಿಷ ಆಗಿರಬೇಕು, ಶೀನಣ್ಣ ಇಳಿದು ಬಂದರು, ಮೈಯೆಲ್ಲ ಮಸಿ.

"ಯಾರದ್ದು ಫೋನು?"

"ಶಿರ್ವದ ಬಾಯಿಯದ್ದು. ಬೆಂಕಿ ಹಾಕಬಹುದಾ ಅಂತ. ಹಾಕಿ ಅಂದೆ, ನಿಮ್ಮದೇ ಸ್ವರದಲ್ಲಿ. ಒಂದು ಚೂರು ಗೊತ್ತಾಗಲಿಲ್ಲ ಅವರಿಗೆ."

ಶೀನಣ್ಣ ಮಸಿಯ ಕೈ ಒರೆಸುವುದನ್ನು ನಿಲ್ಲಿಸಿದರು. "ಟೊಪ್ಪಿ ವ್ಯಾನಿನಲ್ಲಿ ಉಂಟಲ್ಲ ದಿನ್ನಾ."

ಅವರು ಬೈಯಲಿಲ್ಲ. ವ್ಯಾನಿನ ಕೀ ಹುಡುಕಿದರು. ಮೇಲೆ ನಾನೇ ಕಟ್ಟಿದ ಟಾರ್ಪಾಲು, ಕೆಳಗೆ ನಾನೇ ಹಾಕಿಸಿದ ಬೆಂಕಿ. ಹೊಗೆಗೆ ಹೋಗಲು ದಾರಿ ಚಾವಡಿಯೊಂದೇ. ಮಳೆಗಾಲ ಎಂದು ಕಿಟಕಿ ಬಾಗಿಲು ಹಾಕಿದ ಚಾವಡಿ, ಅಲ್ಲಿ ಕಾಲು ಹಿಡಿದು ಮಲಗಿದ ಒಬ್ಬ ಮನುಷ್ಯ.

ಫೋನ್ ಮಾಡಿದೆವು, ಎತ್ತಲಿಲ್ಲ. ಮತ್ತೆ ಮಾಡಿದೆವು. ಕಾಪುವಿನಿಂದ ಶಿರ್ವಕ್ಕೆ ಶೀನಣ್ಣ ವ್ಯಾನ್ ಓಡಿಸಿದ್ದು ಹೇಗೆಂದು ಹೇಳುವುದಿಲ್ಲ, ನೀವು ಕಲಿತುಕೊಳ್ಳುತ್ತೀರಿ. ದಾರಿಯುದ್ದಕ್ಕೂ ನಾನು ಫೋನ್ ಒತ್ತುತ್ತಲೇ ಇದ್ದೆ. ಸೀಟಿನ ಹಿಂದೆ ಟೊಪ್ಪಿ ಪ್ರತಿ ತಿರುವಿನಲ್ಲೂ ಟಣ್ ಎನ್ನುತ್ತಿತ್ತು.

ಹೋಗಿ ನೋಡಿದರೆ ಮನೆಯ ಕಿಟಕಿಗಳೆಲ್ಲ ತೆರೆದಿದ್ದವು. ಹೊಗೆ ಮಳೆಯೊಳಗೆ ಹೊರಬರುತ್ತಿತ್ತು. ಜಗಲಿಯಲ್ಲಿ ಪೊರ್ಬುಗಳು ಬೆಡ್‌ಶೀಟಿನ ಮೇಲೆ ಮಲಗಿದ್ದರು, ಮುಖ ಬೂದಿ ಬಣ್ಣ, ಕಣ್ಣು ಅರ್ಧ ತೆರೆದಿತ್ತು. ಬಾಯಿ ಅವರ ಕೈ ನಾಡಿ ಹಿಡಿದು ಕುಳಿತಿದ್ದರು. ಒಲೆ ಹೊತ್ತಿಸಿ, ಬಾಗಿಲು ಹಾಕಿ, ಮೀನು ತೊಳೆಯಲು ಹಿತ್ತಿಲಿಗೆ ಹೋಗಿದ್ದರಂತೆ. ವಾಸನೆ ಬಂದು ಓಡಿ ಬರುವಷ್ಟರಲ್ಲಿ ಪೊರ್ಬುಗಳು ಎಬ್ಬಿಸಿದರೂ ಏಳಲಿಲ್ಲ. ತನಗಿಂತ ದುಪ್ಪಟ್ಟು ತೂಕದ ಗಂಡನನ್ನು ಬೆಡ್‌ಶೀಟಿನ ಸಮೇತ ನೆಲದ ಮೇಲೆ ಎಳೆದು ತಂದಿದ್ದರು. ವಾರ್ಡಿನಲ್ಲಿ ಕಲಿತ ವಿದ್ಯೆ.

"ಗಾಡಿ ತಿರುಗಿಸಿ. ಇವರಿಗೆ ಆಕ್ಸಿಜನ್ ಬೇಕು," ಎಂದರು.

ಪೊರ್ಬುಗಳನ್ನು ವ್ಯಾನಿನಲ್ಲಿ ಕೊಳವೆಗಳ ನಡುವೆ ಮಲಗಿಸಿ ಮಣಿಪಾಲಕ್ಕೆ ಹೊರಟೆವು. ನಾನು ಅವರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಬಾಯಿ ಅವರ ಕೆನ್ನೆ ತಟ್ಟುತ್ತ ಕೊಂಕಣಿಯಲ್ಲಿ ಮಾತಾಡಿಸುತ್ತಲೇ ಇದ್ದರು. ನನ್ನ ಗಂಟಲಿನಲ್ಲಿ ಆ ಹೊತ್ತಿಗೆ ಯಾರ ಸ್ವರವೂ ಇರಲಿಲ್ಲ, ನನ್ನದೂ.

ಆಸ್ಪತ್ರೆಯವರು ಮಾಸ್ಕ್ ಹಾಕಿ ಒಳಗೆ ಕರೆದುಕೊಂಡು ಹೋದರು. ಹೊರಗೆ ಬೆಂಚಿನಲ್ಲಿ ಮೂವರು ಕುಳಿತೆವು. ಮೊದಲು ಮಾತಾಡಿದ್ದು ಶೀನಣ್ಣ.

"ಬಾಯೀ, ಹಾಕಿ ಅಂತ ಹೇಳಿದ್ದು ನಾನು. ಮೇಲೆ ಟಾರ್ಪಾಲು ಇದ್ದದ್ದು ಮರೆತು ಹೇಳಿದೆ. ತಪ್ಪು ನನ್ನದು."

ಈ ಮನುಷ್ಯ ನನ್ನ ಸ್ವರವನ್ನು ತನ್ನದೆಂದು ಒಪ್ಪಿಕೊಳ್ಳುತ್ತಿದ್ದರು. ಅಷ್ಟು ವರ್ಷ ನಾನು ಅವರ ಸ್ವರ ಕದ್ದದ್ದಕ್ಕೆ ಅವರು ಕೊಟ್ಟದ್ದು ಇದು. ಸುಮ್ಮನಿದ್ದಿದ್ದರೆ ಅದು ಅಲ್ಲಿಗೇ ಮುಗಿಯುತ್ತಿತ್ತು. ಸುಮ್ಮನಿರಲು ಒಂದು ನಿಮಿಷ ಪ್ರಯತ್ನಿಸಿದೆ ಎಂದೂ ಬರೆಯಬೇಕು.

"ಬಾಯೀ, ಅದು ಶೀನಣ್ಣ ಅಲ್ಲ. ನಾನು," ಎಂದೆ.

ಬಾಯಿ ನನ್ನ ಕಡೆ ತಿರುಗಿದರು. "ನನಗೆ ಸಂಶಯ ಬಂದಿತ್ತು ಪುತಾ. ಸ್ವರ ಅವರದ್ದೇ. ಆದರೆ ಶೀನಣ್ಣ ಮೂರು ಪ್ರಶ್ನೆ ಕೇಳದೆ ನನಗೆ ಯಾವತ್ತೂ ಹೂಂ ಅಂದದ್ದಿಲ್ಲ. ಟೊಪ್ಪಿ ಇಲ್ಲದಿದ್ದರೂ ಅಡ್ಡಿ ಇಲ್ಲದಿರಬೇಕು, ಇವತ್ತು ಅವಸರದಲ್ಲಿ ಇರಬೇಕು ಅಂತ ಗ್ರಹಿಸಿದೆ. ನರ್ಸ್ ಆಗಿ ನಾನು ಹಾಗೆ ಗ್ರಹಿಸಬಾರದಿತ್ತು."

ಅವರು ಬೈದದ್ದು ಅಷ್ಟೇ, ಅದರಲ್ಲೂ ಅರ್ಧ ತಮಗೇ ಬೈದುಕೊಂಡರು. ಅಷ್ಟು ವರ್ಷ ನಾನು ಶೀನಣ್ಣನ ಗಂಟಲು ಕಲಿತಿದ್ದೆ. ಆ ಪ್ರಶ್ನೆಗಳನ್ನು ಬೋಂಡಕ್ಕೆ ಮಾತ್ರ ಕೇಳುತ್ತಿದ್ದೆ.

ಸಂಜೆಗೆ ಪೊರ್ಬುಗಳ ಮುಖಕ್ಕೆ ಬಣ್ಣ ಬಂತು. ಒಳಗೆ ಹೋಗಿ ಕಾಲು ಮುಟ್ಟಿದೆ. ಅವರು ಮಾಸ್ಕ್ ಸರಿಸಿ, "ಎಂಜಿನ್ ರೂಮಿನಲ್ಲಿ ಇಷ್ಟು ವರ್ಷ ಸಾಯಲಿಲ್ಲ ಮಾರಾಯ. ಚಾವಡಿಯಲ್ಲಿ ಸತ್ತಿದ್ದರೆ ಮರ್ಯಾದೆ ಎಂತ ಉಳಿಯುತ್ತಿತ್ತು?" ಎಂದರು. ಬಾಯಿ ಮಾಸ್ಕನ್ನು ಮತ್ತೆ ಒತ್ತಿ ಕೂರಿಸಿದರು. ನಾನು ಹೊರಗೆ ಬಂದು ಲಿಫ್ಟಿನ ಪಕ್ಕ ನಿಂತು ಅತ್ತೆ. ಅದೊಂದನ್ನು ನಾನು ಯಾರಿಗೂ ನಟಿಸಿ ತೋರಿಸಿಲ್ಲ.

ಮರುದಿನ ಟೊಪ್ಪಿ ಹಾಕಲು ಹೋದಾಗ ಶೀನಣ್ಣ ಆ ನೀಲಿ ಟಾರ್ಪಾಲಿನಿಂದ ಉದ್ದಕ್ಕೆ ಒಂದು ಪಟ್ಟಿ ಹರಿದು ನನ್ನ ಕೈಗೆ ಕೊಟ್ಟರು. "ಇನ್ನು ಮೇಲೆ ಕಟ್ಟಿದರೆ ಕೆಳಗೂ ಕಟ್ಟು. ಅದೇ ಬಟ್ಟೆಯ ತುಂಡು ಒಲೆಯ ಹಿಡಿಕೆಗೆ. ಮೇಲಿನದು ಮನೆಯವರ ಕೈಗೆ ಬರದೆ ಕೆಳಗಿನದು ಬಿಚ್ಚಲಿಕ್ಕಿಲ್ಲ." ನೀವು ಈಗ ಯೋಚಿಸದೆ ಮಾಡುವ ಈ ಕೆಲಸ ಅಲ್ಲಿಂದ ಬಂದದ್ದು. ಯಾವ ಪುಸ್ತಕದಲ್ಲೂ ಇಲ್ಲ. ತೆಂಗಿನ ಹಸಿ ಮಡಲು, ಸಿಪ್ಪೆ ಒಲೆಗೆ ಹಾಕಬೇಡಿ, ಕೊಳವೆಯೊಳಗೆ ಡಾಮರು ಕಟ್ಟುತ್ತದೆ ಎಂದು ಗಿರಾಕಿಗೆ ಹೇಳಲು ಮರೆತರೂ ನಾನು ಕ್ಷಮಿಸಿಯೇನು. ಇದನ್ನು ಮರೆತರೆ ಇಲ್ಲ.

ಶೀನಣ್ಣ ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಒಂದೇ ಮಾತು ಹೇಳಿದರು: "ಯಾರ ಸ್ವರ ಬೇಕಾದರೂ ತೆಗೆ. ನನ್ನದು ಬೇಡ." ಅವತ್ತಿನಿಂದ ನಾನು ಪಂಚಾಯತಿ ಸದಸ್ಯರಿಂದ ಹಿಡಿದು ಬಸ್ಸಿನ ಕಂಡಕ್ಟರನವರೆಗೆ ಎಲ್ಲರ ಸ್ವರ ತೆಗೆದೆ, ಶೀನಣ್ಣನದು ತೆಗೆಯಲಿಲ್ಲ. ಹೆಗಲು ಹೋಗಿ ನಾನು ಮನೆಯಲ್ಲಿ ಕುಳಿತಾಗ ಅವರೇ ಬಂದು, "ಫೋನ್ ಎತ್ತಲಿಕ್ಕೆ ತಲೆಯ ಮೇಲೆ ಕೈ ಬೇಡವಲ್ಲ, ನಾಳೆಯಿಂದ ಬಾ" ಎಂದರು. ಫೋನ್ ವಿಷಯದಲ್ಲಿ ನನ್ನ ಚರಿತ್ರೆ ಗೊತ್ತಿದ್ದೂ ಹೇಳಿದರು.

ಈ ಸಲದ ಮಳೆಗಾಲದ ಆರಂಭದಲ್ಲಿ ಶೀನಣ್ಣನ ಗಂಟಲಿಗೆ ಏನೋ ಗಂಟು ಬಂದು, ಡಾಕ್ಟರು ಮೂರು ವಾರ ಮಾತಾಡಲೇಬಾರದು ಎಂದರು. ಅವರು ಕ್ಯಾಲೆಂಡರಿನ ಹಿಂದೆ ಪೆನ್ಸಿಲಿನಲ್ಲಿ ಬರೆದು ಅಂಗಡಿ ನಡೆಸುತ್ತಿದ್ದರು. ಆ ವಾರವಷ್ಟೇ ನಮ್ಮವರು ಶಿರ್ವದ ಚಿಮಣಿ ಗುಡಿಸಿ, ಟೊಪ್ಪಿಯನ್ನು ರಿಪೇರಿಗೆ ತಂದು, ಮೇಲೆ ಟಾರ್ಪಾಲು ಕಟ್ಟಿ ಬಂದಿದ್ದರು. ಬಾಯಿಯ ಫೋನ್ ಬಂತು, ಬೆಂಕಿ ಹಾಕಬಹುದಾ ಎಂದು. ಎತ್ತಿ ಶೀನಣ್ಣನ ಕಡೆ ನೋಡಿದೆ. ಅವರು ತಮ್ಮ ಗಂಟಲು ಮುಟ್ಟಿಕೊಂಡರು, ಆಮೇಲೆ ನನ್ನ ಗಂಟಲಿಗೆ ಬೆರಳು ತೋರಿಸಿದರು. ನಾನು ಬೇಡವೆಂದು ತಲೆ ಅಲ್ಲಾಡಿಸಿದೆ. ಅವರು ಮತ್ತೆ ತೋರಿಸಿದರು.

ಬಹಳ ವರ್ಷ ಬಿಟ್ಟ ಸ್ವರ. ತುಕ್ಕು ಹಿಡಿದಿತ್ತು, ಆದರೆ ತುಕ್ಕು ಆ ಸ್ವರಕ್ಕೆ ಒಪ್ಪುತ್ತದೆ.

"ಬಾಯೀ, ಮೇಲೆ ಎಂತ ಉಂಟು?"

"ನಿಮ್ಮ ನೀಲಿ ಟಾರ್ಪಾಲು ಉಂಟು."

"ಕೆಳಗೆ ಎಂತ ಉಂಟು?"

"ಹಿಡಿಕೆಯಲ್ಲಿ ಪಟ್ಟಿ ಉಂಟು. ಬಿಚ್ಚಲಿಲ್ಲ."

"ನಡುವೆ?"

"ಅದು ನಿಮಗೇ ಗೊತ್ತಾಗಬೇಕು."

"ಹಾಗಾದರೆ ನಾಳೆ ನಾನು ಬಂದು ನೋಡಿದ ಮೇಲೆ ಕಡ್ಡಿ ಗೀರುವ."

ಬಾಯಿ ನಿಧಾನಕ್ಕೆ ಹೇಳಿದರು. "ಸ್ವರ ಆವತ್ತೂ ಸರಿಯೇ ಇತ್ತು ಪುತಾ. ಇವತ್ತು ಶೀನಣ್ಣನೇ ಮಾತಾಡಿದ ಹಾಗೆ ಆಯ್ತು."

ಶೀನಣ್ಣ ಕ್ಯಾಲೆಂಡರಿನ ಹಿಂದೆ ಬರೆದು ನನ್ನ ಕಡೆ ತಳ್ಳಿದರು: ಏಣಿ ಹಿಡಿ. ಹತ್ತಬೇಡ.

ಮರುದಿನ ಹೋಗಿ ಏಣಿ ಹಿಡಿದೆ. ಮೇಲೆ ಹತ್ತಿದವನು ಟೊಪ್ಪಿ ಕೂರಿಸಿ, "ಟಾರ್ಪಾಲು ತೆಗೆದೆ" ಎಂದು ಕೂಗಿದ. "ಕಿವಿಗೆ ಬೇಡ, ಕೈಗೆ ಕೊಡು," ಎಂದೆ. ಇಳಿದು ಬಂದು ಕೊಟ್ಟ. ಅದನ್ನು ಮಳೆನೀರು ಸೋರುತ್ತಿರುವಂತೆಯೇ ಬಾಯಿಯ ಕೈಗೆ ಇಟ್ಟೆ. ಕ್ಯಾಮೆರಾ ಇಳಿಸಿ ನಡುವೆಯೂ ನೋಡಿದೆ. ಪೊರ್ಬುಗಳು ಕುರ್ಚಿಯಲ್ಲಿ ಕಂಬಳಿ ಹೊದ್ದು, "ಇಷ್ಟು ಪರೀಕ್ಷೆ ನನ್ನ ಮದುವೆಗೂ ಇರಲಿಲ್ಲ" ಎಂದರು.

ಬಾಯಿ ಹಿಡಿಕೆಯ ಪಟ್ಟಿ ಬಿಚ್ಚಿದರು. ಮಾವಿನ ಸೌದೆ ಜೋಡಿಸಿದರು. ಆಮೇಲೆ ಕಡ್ಡಿಪೆಟ್ಟಿಗೆಯನ್ನು ನನ್ನ ಕಡೆ ಚಾಚಿದರು.

ನನ್ನ ಬಲಗೈ ನೋಡಿಕೊಂಡೆ. ಕಡ್ಡಿ ಗೀರುವುದಕ್ಕೆ ಕೈಯನ್ನು ತಲೆಯ ಮೇಲೆ ಎತ್ತಬೇಕಾಗಿಲ್ಲ.